‘ನ್ಯೂ ಡಾನ್’ ಎಂಬ ಬಳ್ಳಿ ಗುಲಾಬಿ

ಮನೆಗೆ ಹೊಸಲು ಎಷ್ಟು ಅವಶ್ಯವೋ ಹೊಸಲಿನ ಹೊರಗೆ ನಾಲ್ಕು ಗಿಡಬಳ್ಳಿಗಳೂ ಅಷ್ಟೇ ಅವಶ್ಯವೆಂದು ನಮ್ಮ ಹಿರಿಯರು ಭಾವಿಸಿದ್ದರು. ಅಂಗಳದ ತುಳಸಿ, ಬಾವಿಯ ಬಳಿಯ ಬಾಳೆ, ಬೇಲಿಯ ದಾಸವಾಳ, ಚಪ್ಪರದ ಮಲ್ಲಿಗೆ, ಇವಿಲ್ಲದ ಮನೆಯು ಅವರ ಕಣ್ಣಿಗೆ ಬರಿದಾಗಿ ಕಾಣುತ್ತಿದ್ದಿತು. ಇವುಗಳಲ್ಲಿಯೂ ಬಳ್ಳಿಯ ಮೇಲೆ ಕವಿಗಳಿಗೆ ವಿಶೇಷವಾದ ಮಮತೆ. ಕಾಳಿದಾಸನ ಶಕುಂತಲೆಯು ಆಶ್ರಮದ ನವಮಾಲಿಕೆಗೆ ‘ವನಜ್ಯೋತ್ಸ್ನಾ’ ಎಂದು ಹೆಸರಿಟ್ಟು, ಪತಿಗೃಹಕ್ಕೆ ಹೊರಡುವಾಗ ಒಡಹುಟ್ಟಿದವಳನ್ನು ಹೇಗೋ ಹಾಗೆ ಅದನ್ನು ಅಪ್ಪಿ ಬೀಳ್ಕೊಂಡಳೆಂಬುದನ್ನು ವಾಚಕರು ಬಲ್ಲರು. ಬಳ್ಳಿಯು ಆಶ್ರಯವನ್ನು ಬೇಡುತ್ತದೆ. ಆಶ್ರಯವಿತ್ತವರಿಗೆ ನೆರಳನ್ನೂ ಹೂವನ್ನೂ ಕೊಡುತ್ತದೆ. ಗೃಹಸ್ಥಧರ್ಮಕ್ಕೆ ಇದಕ್ಕಿಂತ ಸಮೀಪವಾದ ಸಸ್ಯವು ಬೇರೊಂದಿಲ್ಲ.

ಈ ತಿಂಗಳು ನಾವು ವಾಚಕರ ಮುಂದಿಡಬೇಕೆಂದಿರುವುದು ಅಂಥದೊಂದು ಬಳ್ಳಿಯ ಚರಿತ್ರೆಯನ್ನು. ಅದು ಮಲ್ಲಿಗೆಯಲ್ಲ, ಗುಲಾಬಿ. ನಮ್ಮ ನೆಲದಲ್ಲಿ ಹುಟ್ಟಿದುದಲ್ಲ, ಅಮೆರಿಕಾ ದೇಶದಲ್ಲಿ ಹುಟ್ಟಿದುದು. ಅದರ ಹೆಸರು ‘ನ್ಯೂ ಡಾನ್’. ಕನ್ನಡದಲ್ಲಿ ಹೇಳುವುದಾದರೆ ‘ಹೊಸ ಬೆಳಗು’ ಅಥವಾ ‘ನವೋದಯ’. ಅಮೆರಿಕಾದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಗೃಹಸ್ಥರು ಮನೆಯ ಗೋಡೆಗೆ, ಅಂಗಳದ ಬಾಗಿಲ ಕಮಾನಿಗೆ, ಹಳೆಯ ಬೇಲಿಗೆ ಹಬ್ಬಿಸುವ ಬಳ್ಳಿ ಗುಲಾಬಿಗಳಲ್ಲಿ ಇದರಷ್ಟು ಜನಪ್ರಿಯವಾದುವು ಕೆಲವೇ. ನಮ್ಮ ಕನ್ನಡದ ಮಕ್ಕಳು ಆ ದೇಶಗಳಲ್ಲಿ ಮನೆ ಕಟ್ಟಿಕೊಂಡು ನೆಲೆಸಿರುವ ಕಾಲವಿದು. ಅವರನ್ನು ನೋಡಿಬರಲು ಹೋದ ತಾಯಿತಂದೆಯರಲ್ಲಿ ಕೆಲವರು ಬೀದಿಯ ತಿರುವಿನಲ್ಲಿ ಈ ಹೂವನ್ನು ಹೆಸರು ತಿಳಿಯದೆಯೇ ಕಂಡು ಬಂದಿದ್ದರೂ ಇರಬಹುದು. ಆದರೆ ಇದರ ಚರಿತ್ರೆಯನ್ನು ಬರೆಯುವುದಕ್ಕೆ ಹೂವಿನ ಚೆಲುವೊಂದೇ ಕಾರಣವಲ್ಲ. ಗಿಡವೊಂದಕ್ಕೆ ಒಡೆಯನಾರು ಎಂಬ ದೊಡ್ಡ ಪ್ರಶ್ನೆಯು ಈ ಚಿಕ್ಕ ಹೂವಿನ ಸುತ್ತ ಹೆಣೆದುಕೊಂಡಿದೆ.

ಹೆಸರಿನ ವಿಚಾರ

ಗುಲಾಬಿಯು ನಮಗೆ ಪರಕೀಯವೆಂದು ಕೆಲವರು ತಿಳಿಯುವುದುಂಟು. ಹೆಸರೇನೋ ಪಾರಸಿಯಿಂದ ಬಂದುದು ನಿಜ. ಆ ಭಾಷೆಯಲ್ಲಿ ‘ಗುಲ್’ ಎಂದರೆ ಹೂವು, ‘ಆಬ್’ ಎಂದರೆ ನೀರು. ಎರಡೂ ಸೇರಿ ಪನ್ನೀರಿನ ಹೆಸರಾಗಿ, ಆ ಹೆಸರೇ ಹೂವಿಗೂ ನಿಂತಿತು. ಆದರೆ ವೈದ್ಯಗ್ರಂಥವಾದ ‘ಭಾವಪ್ರಕಾಶ’ದ ನಿಘಂಟು ಭಾಗದಲ್ಲಿ ಇದಕ್ಕೆ ಶತಪತ್ರೀ, ತರುಣೀ ಮೊದಲಾದ ಸಂಸ್ಕೃತ ಹೆಸರುಗಳೂ ಇವೆ. ಅದೇ ಗ್ರಂಥದಲ್ಲಿ ಬರುವ ‘ಕುಬ್ಜಕ’ವನ್ನು ಬಲ್ಲವರು ಕಸ್ತೂರಿಯ ಕಂಪುಳ್ಳ ಬಿಳಿಯ ಕಾಡುಗುಲಾಬಿಯೆಂದು ಗುರುತಿಸುತ್ತಾರೆ. ಹಿಮಾಲಯದ ತಪ್ಪಲಿನಲ್ಲಿ ಅಂಥ ಬಳ್ಳಿ ಗುಲಾಬಿಯು ಮರಗಳನ್ನೇರಿ ಇಂದಿಗೂ ಬೆಳೆಯುತ್ತಿದೆ. ನಮ್ಮ ನೆರೆಯ ನೀಲಗಿರಿಯ ಶೋಲೆಗಳಲ್ಲಿಯೂ ಬಿಳಿಯ ಹೂವಿನ ಕಾಡುಗುಲಾಬಿಯ ಬಳ್ಳಿಯೊಂದುಂಟು. ಆದುದರಿಂದ ಬಳ್ಳಿ ಗುಲಾಬಿಯೆಂಬುದು ನಮಗೆ ತೀರ ಅಪರಿಚಿತವಾದ ವಸ್ತುವೇನೂ ಅಲ್ಲ.

ಬಳ್ಳಿಯೆಂದು ಕರೆದರೂ ಗುಲಾಬಿಗೆ ಹಾಗಲಕ್ಕೂ ದ್ರಾಕ್ಷಿಗೂ ಇರುವಂತೆ ಸುತ್ತಿ ಹಿಡಿಯುವ ಕುಡಿಗಳಿಲ್ಲ. ಮಲ್ಲಿಗೆಯಂತೆ ಕಂಬವನ್ನು ಬಳಸುವ ಸ್ವಭಾವವೂ ಇಲ್ಲ. ಅದಕ್ಕಿರುವ ಸಾಧನವು ಮುಳ್ಳೊಂದೇ. ಕೆಳಮುಖವಾಗಿ ಕೊಕ್ಕೆಯಂತೆ ಬಾಗಿರುವ ಆ ಮುಳ್ಳುಗಳನ್ನು ಪಕ್ಕದ ಗಿಡಗಳಿಗೆ ಸಿಕ್ಕಿಸಿಕೊಂಡು ಅದು ಬೆಳಕಿನ ಕಡೆಗೆ ಏರುತ್ತದೆ. ತೋಟದಲ್ಲಾದರೋ ಮನುಷ್ಯನೇ ಅದನ್ನು ಕಟ್ಟಿ ನಿಲ್ಲಿಸಬೇಕು.

ಇಂಥ ಬಳ್ಳಿ ಗುಲಾಬಿಗಳಿಗೆ ಹಿಂದಿನ ಕಾಲದಲ್ಲಿ ಒಂದು ಕೊರತೆ ಇದ್ದಿತು. ಅವುಗಳಲ್ಲಿ ಹೆಚ್ಚಿನವು ವರ್ಷಕ್ಕೊಮ್ಮೆ, ಮೂರು ನಾಲ್ಕು ವಾರಗಳ ಮಟ್ಟಿಗೆ, ಎಲೆಯೂ ಕಾಣದಂತೆ ಹೂ ಬಿಡುತ್ತಿದ್ದುವು. ಆಮೇಲೆ ಹನ್ನೊಂದು ತಿಂಗಳು ಬರಿಯ ಮುಳ್ಳು. ವರ್ಷದಲ್ಲಿ ಒಂದು ದಿನ ಹಬ್ಬದಡಿಗೆ ಮಾಡಿ ಉಳಿದ ದಿನ ಒಲೆ ಹೊತ್ತಿಸದ ಮನೆಯಂತೆ ಅವುಗಳ ಬಾಳು. ಮತ್ತೆ ಮತ್ತೆ ಅರಳುವ ಗುಲಾಬಿಗಳು ಇರಲಿಲ್ಲವೆಂದಲ್ಲ. ಆದರೆ ಅವುಗಳಲ್ಲಿ ಬಹಳವು ಚಳಿಗೆ ಬೆದರುವ ಕೋಮಲವಾದ ಜಾತಿಗಳು. ಹಿಮ ಬೀಳುವ ಸೀಮೆಯ ಬಡ ಗೃಹಸ್ಥನಿಗೆ ಅವು ದಕ್ಕುತ್ತಿರಲಿಲ್ಲ.

ವೈದ್ಯನು ಬೆಳೆಸಿದ ಬಳ್ಳಿ

ಈ ಕೊರತೆಯನ್ನು ನೀಗಿಸಬೇಕೆಂದು ದುಡಿದವರಲ್ಲಿ ವಾಲ್ಟರ್ ವ್ಯಾನ್ ಫ್ಲೀಟ್ ಎಂಬ ಮಹನೀಯನು ಮುಖ್ಯನಾದವನು. ಆತನು ೧೮೫೭ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಹುಟ್ಟಿದನು. ವೈದ್ಯಶಾಸ್ತ್ರವನ್ನು ಓದಿ ಕೆಲವು ವರ್ಷ ರೋಗಿಗಳನ್ನು ನೋಡಿದನಾದರೂ ಮನಸ್ಸೆಲ್ಲವೂ ಗಿಡಗಳಲ್ಲಿಯೇ ಇದ್ದುದರಿಂದ ಕಡೆಗೆ ವೈದ್ಯವೃತ್ತಿಯನ್ನು ಬಿಟ್ಟು ಸಸ್ಯಗಳ ಸಂಕರಕಾರ್ಯವನ್ನೇ ಕೈಗೊಂಡನು. ೧೯೦೯ರಲ್ಲಿ ಅಮೆರಿಕಾ ಸರ್ಕಾರದ ಕೃಷಿ ಇಲಾಖೆಯನ್ನು ಸೇರಿದನು. ಆತನ ಗುರಿ ಶ್ರೀಮಂತರ ಗಾಜಿನ ಮನೆಗಳಲ್ಲಿ ಬೆಳೆಯುವ ಪ್ರದರ್ಶನದ ಹೂವಲ್ಲ. ಬಡವನ ಮನೆಯ ಬಾಗಿಲ ಬಳಿಯಲ್ಲಿ, ಹೆಚ್ಚಿನ ಆರೈಕೆಯಿಲ್ಲದೆ, ಚಳಿಗೂ ರೋಗಕ್ಕೂ ಜಗ್ಗದೆ ನಿಲ್ಲುವ ಗುಲಾಬಿಯೇ ಆತನಿಗೆ ಬೇಕಾಗಿದ್ದಿತು. ಅಂಥವುಗಳಿಗೆ ಆತನು ‘ಮನೆಬಾಗಿಲ ಗುಲಾಬಿ’ಗಳೆಂಬ ಅರ್ಥದ ಹೆಸರನ್ನೇ ಬಳಸುತ್ತಿದ್ದನು.

ಆತನು ಆರಿಸಿಕೊಂಡ ಮೂಲವು ಜಪಾನು, ಕೊರಿಯಾ, ಪೂರ್ವ ಚೀನಾ ಸೀಮೆಗಳಲ್ಲಿ ನೆಲದ ಮೇಲೆ ಹರಡುವ ‘ರೋಸಾ ವಿಚುರಾನಾ’ ಎಂಬ ಕಾಡುಗುಲಾಬಿ. ಆ ಹೆಸರು ಜಪಾನಿನಲ್ಲಿ ಸಸ್ಯಗಳನ್ನು ಸಂಗ್ರಹಿಸಿದ ವಿಚುರಾ ಎಂಬ ಜರ್ಮನ್ ಪಂಡಿತನ ನೆನಪಿಗಾಗಿ ಇಟ್ಟುದು. ಅದರ ಎಲೆ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಹೂವು ಚಿಕ್ಕದು, ಬಿಳಿಯದು. ದೇಹ ಮಾತ್ರ ಗಟ್ಟಿಮುಟ್ಟಾದುದು. ಇದನ್ನು ೧೮೩೯ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ‘ಸಫ್ರಾನೊ’ ಎಂಬ ಕೇಸರಿ ಛಾಯೆಯ ಟೀ ಗುಲಾಬಿಯೊಡನೆ ಕೂಡಿಸಿ, ಬಂದ ಸಸಿಯನ್ನು ಮತ್ತೆ ‘ಸುವೆನಿರ್ ದು ಪ್ರೆಸಿದಾಂ ಕಾರ್ನೊ’ ಎಂಬ ಇನ್ನೊಂದು ಫ್ರೆಂಚ್ ಗುಲಾಬಿಯೊಡನೆ ಕೂಡಿಸಿದನು. ಈ ಎರಡನೆಯದು ೧೮೯೪ರಲ್ಲಿ ಕೊಲೆಯಾದ ಫ್ರಾನ್ಸಿನ ಅಧ್ಯಕ್ಷ ಕಾರ್ನೊ ಎಂಬವನ ಸ್ಮರಣೆಗಾಗಿ ಹೆಸರು ಪಡೆದುದು. ಹೀಗೆ ಪೂರ್ವದ ಗಟ್ಟಿತನವೂ ಪಶ್ಚಿಮದ ಲಾವಣ್ಯವೂ ಒಂದೇ ಬಳ್ಳಿಯಲ್ಲಿ ಸೇರಿದುವು. ತಾನು ಬೆಳೆಸಿದ ಈ ಬಳ್ಳಿಗೆ ಆತನು ‘ಮುಂಬೆಳಗು’ ಎಂಬ ಅರ್ಥದ ಹೆಸರನ್ನು ಬಯಸಿದ್ದನೆಂದು ಗುಲಾಬಿಯ ಚರಿತ್ರಕಾರರು ಹೇಳುತ್ತಾರೆ. ಆದರೆ ೧೯೧೦ರಲ್ಲಿ ಅದನ್ನು ಮಾರಾಟಕ್ಕೆ ತಂದ ನ್ಯೂಯಾರ್ಕಿನ ಪೀಟರ್ ಹೆಂಡರ್ಸನ್ ಕಂಪೆನಿಯವರು ‘ಡಾಕ್ಟರ್ ಡಬ್ಲ್ಯು. ವ್ಯಾನ್ ಫ್ಲೀಟ್’ ಎಂದು ಬೆಳೆಸಿದವನ ಹೆಸರನ್ನೇ ಇಟ್ಟರು.

ಬಳ್ಳಿ ಚೆನ್ನಾಗಿದ್ದಿತು. ಜನರು ಮೆಚ್ಚಿಕೊಂಡರು. ಆದರೆ ಆ ಹಳೆಯ ಕೊರತೆ ಮಾತ್ರ ಉಳಿದೇ ಇದ್ದಿತು: ಬೇಸಗೆಯ ಮೊದಲಲ್ಲಿ ಒಮ್ಮೆ ಅರಳಿದರೆ ಮತ್ತೆ ಮುಂದಿನ ವರ್ಷವೇ. ಹಿರಿಯರಾದ ‘ಸಫ್ರಾನೊ’ವೂ ‘ಕಾರ್ನೊ’ವೂ ಮತ್ತೆ ಮತ್ತೆ ಅರಳುವ ವಂಶದವಾಗಿದ್ದರೂ ಆ ಗುಣವು ಈ ಸಂತಾನದಲ್ಲಿ ಕಾಣಿಸಿಕೊಳ್ಳಲಿಲ್ಲ. ೧೯೨೨ರ ಜನವರಿಯಲ್ಲಿ ವ್ಯಾನ್ ಫ್ಲೀಟನು ಕಾಲವಾದನು. ತನ್ನ ಬಳ್ಳಿಯು ಮುಂದೆ ಏನಾಗುವುದೆಂಬುದನ್ನು ಆತನು ನೋಡಲಿಲ್ಲ.

ಒಂದು ಕೊಂಬೆಯ ವಿಶೇಷ

ಕೆಲವು ವರ್ಷಗಳ ಮೇಲೆ, ನ್ಯೂಜೆರ್ಸಿ ಸಂಸ್ಥಾನದ ನ್ಯೂ ಬ್ರನ್ಸ್‌ವಿಕ್ ಎಂಬ ಊರಿನ ಸಾಮರ್ಸೆಟ್ ಗುಲಾಬಿ ನರ್ಸರಿಯಲ್ಲಿ ಬೆಳೆದಿದ್ದ ‘ವ್ಯಾನ್ ಫ್ಲೀಟ್’ ಗಿಡಗಳ ನಡುವೆ ವಿಚಿತ್ರವೊಂದು ಕಂಡುಬಂದಿತು. ಬಣ್ಣದಲ್ಲಿಯೂ ಎಲೆಯಲ್ಲಿಯೂ ಮುಳ್ಳಿನಲ್ಲಿಯೂ ಉಳಿದವುಗಳಿಗಿಂತ ಏನೂ ಬೇರೆಯಲ್ಲ. ಆದರೆ ಉಳಿದವು ಹೂ ಬಿಡುವುದನ್ನು ನಿಲ್ಲಿಸಿದ ಮೇಲೆಯೂ ಇದರಲ್ಲಿ ಮೊಗ್ಗುಗಳು ಬರುತ್ತಲೇ ಇದ್ದುವು. ಬೇಸಗೆ ಕಳೆದು ಎಲೆ ಉದುರುವ ಕಾಲ ಸಮೀಪಿಸಿದರೂ ಹೂವು ತಪ್ಪಲಿಲ್ಲ.

ಇದೇನು ಮಾಯೆಯೆಂದು ವಾಚಕರು ಕೇಳಬಹುದು. ಮಾಯೆಯಲ್ಲ, ಸಸ್ಯಗಳಲ್ಲಿ ಅಪರೂಪವಾಗಿ ನಡೆಯುವ ಸಂಗತಿ. ಗಿಡದ ಒಂದೊಂದು ಕಣ್ಣೂ, ಎಂದರೆ ಎಲೆಯ ಬುಡದಲ್ಲಿರುವ ಒಂದೊಂದು ಮೊಳಕೆಯೂ, ಹೊಸ ಕೊಂಬೆಗೆ ಬೀಜವಿದ್ದಂತೆ. ಆ ಕಣ್ಣಿನೊಳಗಿನ ಜೀವಕಣವೊಂದರಲ್ಲಿ ವಂಶಗುಣವನ್ನು ಹೊತ್ತಿರುವ ಅಂಶವು ತಾನಾಗಿಯೇ ಒಂದಿಷ್ಟು ಮಾರ್ಪಟ್ಟರೆ, ಅದರಿಂದ ಹೊರಡುವ ಕೊಂಬೆಯು ತಾಯಿಗಿಡದಲ್ಲಿಯೇ ಇದ್ದುಕೊಂಡು ತಾಯಿಗಿಂತ ಬೇರೆಯಾಗುತ್ತದೆ. ನಮ್ಮಲ್ಲಿ ಕಾಗದದ ಹೂವಿನ ಬಳ್ಳಿಯನ್ನು ಬೆಳೆಸಿದವರು ಇದನ್ನು ಕಂಡೇ ಇರುತ್ತಾರೆ: ಒಂದೇ ಬುಡದಲ್ಲಿ ಕೆಂಪು ಹೂವಿನ ಕೊಂಬೆಯೊಂದು, ಬಿಳಿಯ ಹೂವಿನದೊಂದು. ನಾವು ಪಾಠಶಾಲೆಯಲ್ಲಿದ್ದಾಗ ಮಕ್ಕಳು ಇದನ್ನು ತೋರಿಸಿ, ‘ಎರಡು ಗಿಡಗಳನ್ನು ಕೂಡಿಸಿ ನೆಟ್ಟಿದ್ದಾರೆ’ ಎಂದು ವಾದಿಸುತ್ತಿದ್ದರು. ಬುಡವನ್ನು ಕೆದಕಿ ತೋರಿಸಿದ ಮೇಲೆಯೇ ಅವರು ಒಪ್ಪುತ್ತಿದ್ದುದು.

ಬಣ್ಣದ ಮಾರ್ಪಾಟಾದರೆ ಮಗುವಿನ ಕಣ್ಣಿಗೂ ಬೀಳುತ್ತದೆ. ನ್ಯೂ ಬ್ರನ್ಸ್‌ವಿಕ್ಕಿನ ಬಳ್ಳಿಯಲ್ಲಿ ಆದುದು ಕಾಲದ ಮಾರ್ಪಾಟು. ಗುಲಾಬಿಯಲ್ಲಿ ಹೂಬಿಡುವುದನ್ನು ತಡೆಯುವ ಒಂದು ವಂಶವಾಹಿಯುಂಟೆಂದು ಜಪಾನು ಮತ್ತು ಫ್ರಾನ್ಸಿನ ಸಂಶೋಧಕರು ೨೦೧೨ರಲ್ಲಿ ಪ್ರಕಟಿಸಿದ್ದಾರೆ. ವರ್ಷಕ್ಕೊಮ್ಮೆ ಅರಳುವ ಜಾತಿಗಳಲ್ಲಿ ಅದು ಮೊದಲ ಹೂವು ಮುಗಿದೊಡನೆ ಕಡಿವಾಣದಂತೆ ಕೆಲಸ ಮಾಡಿ ಚಿಗುರುಗಳನ್ನು ಎಲೆ ಬೆಳೆಸುವುದರ ಕಡೆಗೆ ತಿರುಗಿಸುತ್ತದೆ. ಸದಾ ಅರಳುವ ಜಾತಿಗಳಲ್ಲಿ ಆ ಕಡಿವಾಣವು ಕೆಟ್ಟಿರುತ್ತದೆ. ಈ ವಿವರಗಳೊಂದೂ ಆಗ ತಿಳಿದಿರಲಿಲ್ಲ. ಹಾಗಿದ್ದರೂ, ಹೂವಿನ ಕಾಲದಲ್ಲಿ ಎಲ್ಲರೂ ನೋಡುವ ಗಿಡವನ್ನು ಹೂವಿನ ಕಾಲವು ಮುಗಿದ ಮೇಲೆಯೂ ನೋಡಿದ ಒಂದು ಕಣ್ಣು ಅಲ್ಲಿದ್ದಿತು. ಅದಿಲ್ಲದಿದ್ದರೆ ಆ ಬಳ್ಳಿಯು ಯಾರದೋ ಕತ್ತರಿಗೆ ಸಿಕ್ಕಿ ಕಸದ ರಾಶಿಯನ್ನು ಸೇರುತ್ತಿದ್ದಿತು. ಲೋಕಕ್ಕೆ ಈ ಹೂವೇ ಇಲ್ಲವಾಗುತ್ತಿದ್ದಿತು.

ಇಂಥ ಗುಣವನ್ನು ಬೀಜದಿಂದ ಉಳಿಸಿಕೊಳ್ಳಲಾಗದು. ಕಡ್ಡಿ ನೆಟ್ಟೋ ಕಣ್ಣು ಕಸಿ ಮಾಡಿಯೋ ಬೆಳೆಸಿದರೆ ಮಾತ್ರ ಅದು ಇದ್ದಂತೆಯೇ ಮುಂದುವರಿಯುತ್ತದೆ. ಹಾಗೆ ಬೆಳೆಸಿದ ಗಿಡಗಳನ್ನು ಫಿಲಡೆಲ್ಫಿಯಾ ನಗರದ ಹೆನ್ರಿ ಡ್ರೀಯರ್ ಕಂಪೆನಿಯವರು ೧೯೩೦ರಲ್ಲಿ ‘ನ್ಯೂ ಡಾನ್’ ಎಂಬ ಹೆಸರಿನಿಂದ ಮಾರಾಟಕ್ಕೆ ತಂದರು. ವ್ಯಾನ್ ಫ್ಲೀಟನಿಗೆ ಬದುಕಿರುವಾಗ ದೊರೆಯದ ಬೆಳಗಿನ ಹೆಸರು ಆತನ ಬಳ್ಳಿಗೆ ಹೀಗೆ ಮರಳಿ ಬಂದಿತು.

ಹೂವಿಗೆ ಒಡೆಯನಾರು?

ಅದೇ ವರ್ಷ ಅಮೆರಿಕಾದಲ್ಲಿ ಒಂದು ಹೊಸ ಕಾನೂನು ಹುಟ್ಟಿತು. ಅದುವರೆಗೆ ಯಂತ್ರವನ್ನು ಕಲ್ಪಿಸಿದವನಿಗೆ ಪೇಟೆಂಟು ಎಂಬ ಏಕಸ್ವಾಮ್ಯದ ಸನ್ನದು ದೊರೆಯುತ್ತಿದ್ದಿತು. ಗಿಡವನ್ನು ಬೆಳೆಸಿದವನಿಗೆ ಏನೂ ಇಲ್ಲ. ಇಲಿಯ ಬೋನಿಗೆ ಹಕ್ಕುಂಟು, ಹೊಸ ಹಣ್ಣಿಗೆ ಹಕ್ಕಿಲ್ಲವೆಂದು ಪ್ರಸಿದ್ಧ ಸಸ್ಯತಜ್ಞ ಲೂಥರ್ ಬರ್ಬ್ಯಾಂಕನು ಕೊರಗಿದ್ದನು. ಆತನು ೧೯೨೬ರಲ್ಲಿ ತೀರಿಕೊಂಡನು. ವಿದ್ಯುದ್ದೀಪದ ಎಡಿಸನ್ನನೂ ಈ ಕಾನೂನಿನ ಪರವಾಗಿ ಮಾತನಾಡಿದನು. ಕಡೆಗೆ ೧೯೩೦ನೆಯ ಮೇ ೨೩ರಂದು ಅಧ್ಯಕ್ಷ ಹೂವರನು ಸಸ್ಯ ಪೇಟೆಂಟಿನ ಮಸೂದೆಗೆ ರುಜುಮಾಡಿದನು. ಕಡ್ಡಿ, ಕಸಿ ಮೊದಲಾದ ವಿಧಾನಗಳಿಂದ ವೃದ್ಧಿಪಡಿಸುವ ಹೊಸ ತಳಿಯನ್ನು ನಿರ್ಮಿಸಿದವನಿಗಾಗಲಿ ಕಂಡುಹಿಡಿದವನಿಗಾಗಲಿ ೧೭ ವರ್ಷಗಳ ಹಕ್ಕು. ಗೆಡ್ಡೆಯಿಂದ ಬೆಳೆಯುವ ಆಲೂಗಡ್ಡೆಯಂಥವುಗಳಿಗೆ ಮಾತ್ರ ಇದು ಅನ್ವಯಿಸದು.

ಈ ಕಾನೂನಿನ ಪ್ರಕಾರ ೧೯೩೧ನೆಯ ಆಗಸ್ಟ್ ೧೮ರಂದು ಹೊರಟ ಮೊದಲನೆಯ ಸನ್ನದು ‘ನ್ಯೂ ಡಾನ್’ ಬಳ್ಳಿಯದು. ಅದನ್ನು ಪಡೆದವನು ನ್ಯೂ ಬ್ರನ್ಸ್‌ವಿಕ್ಕಿನ ತೋಟಗಾರ ಹೆನ್ರಿ ಬೋಸೆನ್‌ಬರ್ಗ್. ಬಣ್ಣಕ್ಕಾಗಿ ಅಲ್ಲ, ಕಂಪಿಗಾಗಿ ಅಲ್ಲ, ಬಳ್ಳಿಯಾಗಿದ್ದೂ ಮತ್ತೆ ಮತ್ತೆ ಅರಳುವ ಗುಣಕ್ಕಾಗಿಯೇ ಆ ಹಕ್ಕು ದೊರೆಯಿತು. ಸಸ್ಯಗಳಿಗಾಗಿ ಆ ದೇಶವು ಕೊಟ್ಟಿರುವ ಸನ್ನದುಗಳ ಸಂಖ್ಯೆ ಈಗ ೩೦,೦೦೦ವನ್ನು ಮೀರಿದೆ. ಅವುಗಳ ಪಟ್ಟಿಯ ಮೊದಲ ಸಾಲಿನಲ್ಲಿರುವುದು ಈ ಮನೆಬಾಗಿಲ ಗುಲಾಬಿ.

ಇಲ್ಲಿ ಆಲೋಚಿಸತಕ್ಕ ವಿಷಯವೊಂದಿದೆ. ಹಲವು ವರ್ಷ ಶ್ರಮಪಟ್ಟು ಮೂರು ವಂಶಗಳನ್ನು ಕೂಡಿಸಿದವನು ವ್ಯಾನ್ ಫ್ಲೀಟ್, ಆತನಿಗೆ ಸನ್ನದಿಲ್ಲ. ಮಾರ್ಪಾಟನ್ನು ಮಾಡಿದುದು ಪ್ರಕೃತಿ. ಅದಕ್ಕೆ ಸನ್ನದು ಬೇಕಿಲ್ಲ. ಕಂಡವನಿಗೆ ಸನ್ನದು ದೊರೆಯಿತು. ಇದು ನ್ಯಾಯವೇ? ಕಂಡುದೊಂದೇ ಆದರೆ ಅಷ್ಟು ದೊಡ್ಡ ಹಕ್ಕಿಗೆ ಅದು ಸಾಲದೆಂದು ತೋರುವುದು ಸಹಜ. ಆದರೆ ಗುರುತಿಸಿ, ಬೇರ್ಪಡಿಸಿ, ವೃದ್ಧಿಪಡಿಸಿ, ಗುಣವು ಸ್ಥಿರವೆಂದು ಪರೀಕ್ಷಿಸಿ ಲೋಕಕ್ಕೆ ಕೊಡುವುದೂ ಶ್ರಮವೇ. ಅದಕ್ಕೆ ಪ್ರತಿಫಲವೇ ಇಲ್ಲದಿದ್ದರೆ ಎಷ್ಟೋ ಒಳ್ಳೆಯ ಗಿಡಗಳು ಒಂದು ಬೇಲಿಯೊಳಗೇ ಹುಟ್ಟಿ ಸಾಯುತ್ತವೆ.

ಇನ್ನೊಂದು ಪಕ್ಷವನ್ನೂ ಮರೆಯಬಾರದು. ಹೂವಿನ ಕಡ್ಡಿಯನ್ನು ನೆರೆಮನೆಗೆ ಕೊಡುವುದು ನಮ್ಮಲ್ಲಿ ಅರಿಸಿನ ಕುಂಕುಮ ಕೊಟ್ಟಷ್ಟೇ ಸಹಜವಾದ ಆಚಾರ. ವರಾಹಮಿಹಿರನ ‘ಬೃಹತ್ಸಂಹಿತೆ’ಯ ವೃಕ್ಷಾಯುರ್ವೇದದ ಅಧ್ಯಾಯವು ಕಡ್ಡಿಗೆ ಸಗಣಿಯನ್ನು ಬಳಿದು ನೆಡುವ ಕ್ರಮವನ್ನೂ ಕಸಿಯ ಕ್ರಮವನ್ನೂ ಹೇಳುತ್ತದೆ, ಆ ವಿದ್ಯೆಯು ಎಲ್ಲರ ಸೊತ್ತಾಗಿಯೇ ಬಂದಿದೆ. ಸನ್ನದು ಜಾರಿಯಲ್ಲಿದ್ದ ೧೭ ವರ್ಷ ಅಮೆರಿಕಾದ ಗೃಹಿಣಿಯೊಬ್ಬಳು ‘ನ್ಯೂ ಡಾನ್’ನ ಕಡ್ಡಿಯನ್ನು ಬೇರು ಬರಿಸಿ ಬೇಲಿಯಾಚೆಯ ಗೆಳತಿಗೆ ಕೊಟ್ಟಿದ್ದರೆ, ಕಾನೂನಿನ ಅಕ್ಷರದಂತೆ ಅದು ಇನ್ನೊಬ್ಬರ ಹಕ್ಕನ್ನು ಮೀರಿದಂತೆ. ಭಾರತದ ಪಾರ್ಲಿಮೆಂಟು ೨೦೦೧ರಲ್ಲಿ ಮಾಡಿದ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾನೂನಾದರೋ ತಳಿಯನ್ನು ಬೆಳೆಸಿದವನಿಗೆ ಹಕ್ಕನ್ನು ಕೊಟ್ಟು, ಅದರ ಜೊತೆಯಲ್ಲಿಯೇ ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ, ವಿನಿಮಯ ಮಾಡಿಕೊಳ್ಳುವ ರೈತನ ಹಕ್ಕನ್ನೂ ಕಾಪಾಡಿದೆ. ದುಡಿದವನಿಗೆ ಕೂಲಿಯೂ ನೆರೆಯವನಿಗೆ ಪಾಲೂ ಎರಡೂ ಉಳಿಯಬೇಕೆಂಬುದೇ ನಮ್ಮ ಅಭಿಪ್ರಾಯ.

‘ನ್ಯೂ ಡಾನ್’ ವಿಷಯದಲ್ಲಿ ಈ ವಿವಾದವನ್ನು ಕಾಲವೇ ತೀರಿಸಿತು. ೧೯೪೮ರಲ್ಲಿ ಸನ್ನದಿನ ಅವಧಿಯು ಮುಗಿಯಿತು. ಅಂದಿನಿಂದ ಈ ಬಳ್ಳಿಯು ಬೆಳೆಸುವವರೆಲ್ಲರದೂ ಆಗಿದೆ. ಒಂದು ಕಡ್ಡಿಯನ್ನು ಯಾರು ಯಾರಿಗೆ ಕೊಟ್ಟರೂ ಆಕ್ಷೇಪಣೆಯಿಲ್ಲ.

ಬಳ್ಳಿಯ ಲಕ್ಷಣ

ಹೂವು ಸುಮಾರು ೩ ಅಂಗುಲ ಅಗಲದ್ದು. ಬಣ್ಣವು ಎಳೆಯ ಗುಲಾಬಿ. ಚಿಪ್ಪಿನ ಒಳಮೈಯಂತೆ ನಸುಗೆಂಪಾಗಿ ಅರಳಿ, ಬಿಸಿಲು ತಾಗಿದಂತೆಲ್ಲ ಬೆಳ್ಳಗಾಗುತ್ತ ಹೋಗುತ್ತದೆ. ಆದುದರಿಂದ ಒಂದೇ ಗೊಂಚಲಿನಲ್ಲಿ ನಸುಗೆಂಪಿನ ಮೊಗ್ಗನ್ನೂ ಮುತ್ತಿನ ಬಣ್ಣದ ಹೂವನ್ನೂ ಕೂಡಿ ಕಾಣಬಹುದು. ಕಂಪು ತೀವ್ರವಲ್ಲ; ಹತ್ತಿರ ಹೋದರೆ ಸೇಬನ್ನು ನೆನಪಿಗೆ ತರುವ ಮೆಲ್ಲನೆಯ ವಾಸನೆ. ಎಲೆ ಕಡುಹಸುರು, ಹೊಳಪುಳ್ಳದ್ದು. ಜಪಾನಿನ ಕಾಡುಗುಲಾಬಿಯ ಋಣವು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬಳ್ಳಿಯು ೧೦ರಿಂದ ೨೦ ಅಡಿಯವರೆಗೆ ಬೆಳೆಯುತ್ತದೆ. ಮುಳ್ಳುಗಳು ಬಲವಾದವು. ಆದುದರಿಂದ ಮಕ್ಕಳು ಓಡಾಡುವ ಇಕ್ಕಟ್ಟಾದ ದಾರಿಯ ಪಕ್ಕದಲ್ಲಿ ಇದನ್ನು ನೆಡುವುದು ಜಾಣತನವಲ್ಲ.

ಇದು ತಂಪು ಸೀಮೆಯ ಬಳ್ಳಿ. ಹಿಮ ಕವಿದು ನೀರು ಕಲ್ಲಾಗುವ ಚಳಿಯನ್ನೂ ತಡೆದುಕೊಳ್ಳುತ್ತದೆ. ಬೇರೆ ಗುಲಾಬಿಗಳು ಒಲ್ಲದ ಅರೆನೆರಳನ್ನೂ ಸಹಿಸುತ್ತದೆ. ಇಂಗ್ಲೆಂಡಿನವರು ಬಿಸಿಲು ಕಾಣದ ಬಡಗಣ ಗೋಡೆಗೂ ಇದನ್ನು ಹಬ್ಬಿಸುವುದುಂಟು. ಉರಿಬಿಸಿಲಿನ ಬಯಲುಸೀಮೆಯಲ್ಲಿ ಇದರ ನಸುಗೆಂಪು ಬೇಗನೆ ಮಾಸಿಹೋಗುವುದರಿಂದ, ಅಂಥಲ್ಲಿ ಬೆಳೆಸುವವರು ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನದ ಮೇಲೆ ನೆರಳಾಗುವ ಮೂಡಣ ದಿಕ್ಕಿನ ಗೋಡೆಯನ್ನು ಆರಿಸಿಕೊಳ್ಳುವುದು ಲೇಸು.

ಬೆಳೆಸುವ ಕ್ರಮ

ಬಳ್ಳಿ ಗುಲಾಬಿ ಯಾವುದಾದರೂ ಆಗಲಿ, ಅದರ ಆರೈಕೆಯ ಮರ್ಮಗಳು ಹೆಚ್ಚು ಕಡಮೆ ಒಂದೇ. ‘ನ್ಯೂ ಡಾನ್’ ದೊರೆಯದವರೂ ತಮ್ಮಲ್ಲಿರುವ ಬಳ್ಳಿಗೆ ಈ ಕ್ರಮವನ್ನು ಅನ್ವಯಿಸಿಕೊಳ್ಳಬಹುದು.

ಮೊದಲನೆಯದಾಗಿ ಸ್ಥಳ. ದಿನಕ್ಕೆ ಐದಾರು ಗಂಟೆಯಾದರೂ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಬೇಕು. ಗೋಡೆಗೆ ತಾಗಿಸಿ ನೆಡಬಾರದು. ಗೋಡೆಯ ಬುಡದ ಮಣ್ಣು ಸುಣ್ಣಗಾರೆಯ ಚೂರುಗಳಿಂದ ಕೆಟ್ಟಿರುತ್ತದೆ. ಮಳೆನೀರೂ ಅಲ್ಲಿಗೆ ಸರಿಯಾಗಿ ಬೀಳುವುದಿಲ್ಲ. ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ, ಎರಡು ಅಡಿ ಉದ್ದ ಅಗಲ ಆಳಗಳ ಗುಂಡಿಯನ್ನು ತೋಡಿ, ಮೇಲುಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರಸಿ ತುಂಬಿ, ಗಿಡವನ್ನು ಗೋಡೆಯ ಕಡೆಗೆ ಸ್ವಲ್ಪ ಓರೆಯಾಗಿ ನೆಡತಕ್ಕದ್ದು. ಬೇವಿನ ಹಿಂಡಿಯನ್ನು ಒಂದೆರಡು ಹಿಡಿ ಸೇರಿಸಿದರೆ ಒಳ್ಳೆಯದು.

ಎರಡನೆಯದು ಆಶ್ರಯ. ಗೋಡೆಗೆ ಮೊಳೆಗಳನ್ನು ಹೊಡೆದು ಒಂದೂವರೆ ಅಡಿಗೊಂದರಂತೆ ಅಡ್ಡಲಾಗಿ ತಂತಿಗಳನ್ನು ಬಿಗಿಯಬಹುದು. ಬಿದಿರಿನ ತಟ್ಟಿಯಾದರೂ ಆದೀತು. ತಂತಿಗೂ ಗೋಡೆಗೂ ನಡುವೆ ನಾಲ್ಕು ಬೆರಳು ಗಾಳಿಯಾಡುವ ಜಾಗವಿರಲಿ. ಬಳ್ಳಿಯನ್ನು ಬಾಳೆಯ ನಾರಿನಿಂದಲೋ ಸೆಣಬಿನ ಹುರಿಯಿಂದಲೋ ಸಡಿಲವಾಗಿ ಕಟ್ಟಬೇಕು. ಬಿಗಿಯಾಗಿ ಕಟ್ಟಿದರೆ ಕೊಂಬೆ ದಪ್ಪವಾದಂತೆ ಹುರಿಯು ತೊಗಟೆಯನ್ನು ಕೊರೆಯುತ್ತದೆ.

ಮೂರನೆಯದೇ ಮುಖ್ಯವಾದುದು. ಬಳ್ಳಿಯನ್ನು ನೆಟ್ಟಗೆ ಮೇಲಕ್ಕೆ ಬಿಡಬಾರದು. ಎಳೆಯದಾಗಿರುವಾಗಲೇ ಮೆಲ್ಲನೆ ಬಾಗಿಸಿ ಅಡ್ಡಲಾಗಿ ಹಬ್ಬಿಸಬೇಕು. ಇದಕ್ಕೆ ಕಾರಣವುಂಟು. ಕೊಂಬೆಯ ತುದಿಯ ಮೊಳಕೆಯಲ್ಲಿ ಹುಟ್ಟುವ ಒಂದು ರಸವು ಕೆಳಕ್ಕೆ ಇಳಿಯುತ್ತ ಕೆಳಗಿನ ಕಣ್ಣುಗಳನ್ನು ಚಿಗುರದಂತೆ ತಡೆಯುತ್ತದೆ. ಕೊಂಬೆ ನೆಟ್ಟಗೆ ನಿಂತಿದ್ದರೆ ತುದಿಯದೇ ದೊರೆತನ. ಹೂವೆಲ್ಲ ಆಕಾಶದಲ್ಲಿ, ಬುಡವೆಲ್ಲ ಬೋಳು. ಅಡ್ಡಲಾಗಿ ಬಾಗಿಸಿದರೆ ಆ ದೊರೆತನವು ಕುಗ್ಗಿ, ಉದ್ದಕ್ಕೂ ಇರುವ ಕಣ್ಣುಗಳೆಲ್ಲ ಚಿಗುರಿ, ಒಂದೊಂದು ಚಿಗುರಿನ ತುದಿಯಲ್ಲಿಯೂ ಹೂವಾಗುತ್ತದೆ. ಕಂಬಕ್ಕೆ ಹಬ್ಬಿಸುವವರು ಸುತ್ತು ಸುತ್ತಾಗಿ ಬಳಸಿ ಕಟ್ಟಿದರೂ ಇದೇ ಫಲ. ಬಲಿತ ಕೊಂಬೆಯನ್ನು ಬಲಾತ್ಕಾರದಿಂದ ಬಾಗಿಸಿದರೆ ಮುರಿಯುತ್ತದೆಂಬುದನ್ನು ಹೇಳಬೇಕಾದುದಿಲ್ಲ.

ನಾಲ್ಕನೆಯದು ಸವರುವುದು. ಮೊದಲ ಎರಡು ಮೂರು ವರ್ಷ ಒಣಗಿದ ಕಡ್ಡಿಗಳನ್ನು ಬಿಟ್ಟು ಬೇರೇನನ್ನೂ ಕತ್ತರಿಸಬಾರದು; ಬಳ್ಳಿಯು ತನ್ನ ಮೈಯನ್ನು ಕಟ್ಟಿಕೊಳ್ಳಲಿ. ಅನಂತರ ವರ್ಷಕ್ಕೊಮ್ಮೆ ತೀರ ಹಳೆಯದಾದ ಒಂದೆರಡು ಕಾಂಡಗಳನ್ನು ಬುಡದಲ್ಲಿ ತೆಗೆದು, ಪಕ್ಕದ ಚಿಗುರುಗಳನ್ನು ಎರಡು ಮೂರು ಕಣ್ಣುಗಳಿಗೆ ಮೊಟಕುಮಾಡಬೇಕು. ಹಿಮದ ದೇಶಗಳಲ್ಲಿ ಇದಕ್ಕೆ ಚಳಿಗಾಲದ ಕೊನೆಯೇ ಕಾಲ. ನಮ್ಮ ನಾಡಿನಲ್ಲಾದರೆ ಗುಲಾಬಿಯನ್ನು ಮಳೆಗಾಲವು ಮುಗಿದ ಮೇಲೆ, ಅಕ್ಟೋಬರ್ ತಿಂಗಳಿನ ಸುಮಾರಿನಲ್ಲಿ, ಸವರುವುದು ರೂಢಿ. ಬಾಡಿದ ಹೂಗಳನ್ನು ಆಗಾಗ್ಗೆ ಚಿವುಟುತ್ತಿರಬೇಕು. ಇಲ್ಲವಾದರೆ ಗಿಡದ ಶಕ್ತಿಯು ಕಾಯಿಗೆ ಹೋಗಿ ಮುಂದಿನ ಹೂವು ತಡವಾಗುತ್ತದೆ. ಮತ್ತೆ ಮತ್ತೆ ಅರಳುವ ಬಳ್ಳಿಯಿಂದ ಮತ್ತೆ ಮತ್ತೆ ಹೂವು ಪಡೆಯುವ ಉಪಾಯವಿದು.

ನೀರನ್ನು ಬೆಳಗಿನ ಹೊತ್ತು ಬುಡಕ್ಕೆ ಹಾಕಬೇಕು, ಎಲೆಗಲ್ಲ. ಎಲೆ ಬಹಳ ಹೊತ್ತು ಒದ್ದೆಯಾಗಿದ್ದರೆ ಕಪ್ಪು ಚುಕ್ಕೆಯ ರೋಗ ಬರುತ್ತದೆ. ಚುಕ್ಕೆ ಬಿದ್ದ ಎಲೆಗಳನ್ನು ಆರಿಸಿ ಸುಟ್ಟುಹಾಕುವುದೇ ಮೊದಲ ಚಿಕಿತ್ಸೆ. ಗಾಳಿಯಾಡದ ಮೂಲೆಗಳಲ್ಲಿ ಬೂದಿರೋಗವೂ ಕಾಣಿಸಿಕೊಳ್ಳುವುದುಂಟು. ಚಿಗುರಿಗೆ ಮುತ್ತುವ ಹಸಿರು ಹೇನುಗಳನ್ನು ನೀರಿನ ಚಿಮ್ಮಿನಿಂದಲೇ ತೊಳೆದುಬಿಡಬಹುದು.

ಕಡೆಯದಾಗಿ ವಂಶವೃದ್ಧಿ. ‘ನ್ಯೂ ಡಾನ್’ ಕಡ್ಡಿಯಿಂದ ಸುಲಭವಾಗಿ ಬೇರು ಬಿಡುತ್ತದೆ; ಕಸಿಯ ಆವಶ್ಯಕತೆಯಿಲ್ಲ. ಹೂವು ಮುಗಿದ, ಸೀಸದ ಕಡ್ಡಿಯಷ್ಟು ದಪ್ಪದ ಕೊಂಬೆಯಿಂದ ಒಂದು ಗೇಣುದ್ದದ ತುಂಡನ್ನು ಕತ್ತರಿಸಿ, ಮೇಲಿನ ಒಂದೆರಡು ಎಲೆಗಳನ್ನು ಮಾತ್ರ ಉಳಿಸಿ, ಅರ್ಧ ಭಾಗವನ್ನು ಮರಳು ಬೆರೆತ ಮಣ್ಣಿನಲ್ಲಿ ಊರಿ, ನೆರಳಿನಲ್ಲಿಟ್ಟು ತೇವವಾರದಂತೆ ನೋಡಿಕೊಳ್ಳಬೇಕು. ಇಲ್ಲಿಯೂ ಒಂದು ಎಚ್ಚರಿಕೆ. ಈ ಬಳ್ಳಿಯು ಒಮ್ಮೊಮ್ಮೆ ತನ್ನ ಪೂರ್ವಸ್ಥಿತಿಗೆ ಮರಳಿ, ಯಾವುದೋ ಒಂದು ಕೊಂಬೆಯು ‘ವ್ಯಾನ್ ಫ್ಲೀಟ್’ನಂತೆ ವರ್ಷಕ್ಕೊಮ್ಮೆಯೇ ಅರಳತೊಡಗುವುದುಂಟು. ಆದುದರಿಂದ ಎರಡನೆಯ ಸಲವೂ ಹೂ ಬಿಟ್ಟ ಕೊಂಬೆಯನ್ನೇ ಗುರುತಿಟ್ಟುಕೊಂಡು ಅದರಿಂದ ಕಡ್ಡಿಯನ್ನು ತೆಗೆಯತಕ್ಕದ್ದು. ಮೊದಲು ಕಂಡವನ ಕೆಲಸವನ್ನು ಬೆಳೆಸುವವರೆಲ್ಲರೂ ಮತ್ತೆ ಮಾಡುತ್ತಿರಬೇಕೆಂದಾಯಿತು.

ಸಂತತಿಯೂ ಸನ್ಮಾನವೂ

‘ನ್ಯೂ ಡಾನ್’ ತಾನೊಂದೇ ಉಳಿಯಲಿಲ್ಲ. ಇದನ್ನು ಬೇರೆ ಗುಲಾಬಿಗಳೊಡನೆ ಕೂಡಿಸಿ ಹಲವು ಬಳ್ಳಿಗಳನ್ನು ಪಡೆದರು. ೧೯೪೯ರ ‘ಅಲೋಹಾ’, ೧೯೫೩ರ ‘ಪರೇಡ್’, ೧೯೬೭ರ ‘ಬ್ಯಾಂಟ್ರಿ ಬೇ’ ಇವು ಆ ಸಂತತಿಯಲ್ಲಿ ಹೆಸರಾದುವು. ಜೆಕ್ ದೇಶದಲ್ಲಿ ಯಾನ್ ಬ್ಯೋಮ್ ಎಂಬ ಗುಲಾಬಿ ತಜ್ಞನಿಗೆ ಇದರ ಒಂದು ಕೊಂಬೆಯು ಇನ್ನೂ ಹೆಚ್ಚು ಎಸಳುಗಳ ಹೂ ಬಿಟ್ಟುದು ಕಂಡುಬಂದು, ೧೯೩೫ರಲ್ಲಿ ಅದಕ್ಕೆ ‘ಎಚ್ಚರ’ ಎಂಬ ಅರ್ಥದ ಹೆಸರಿಟ್ಟನು. ಬೆಳಗಾದ ಮೇಲೆ ಎಚ್ಚರವಾಗುವುದು ಸರಿಯಷ್ಟೆ! ೧೯೯೩ರಲ್ಲಿ ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯವರು ‘ನ್ಯೂ ಡಾನ್’ಗೆ ತೋಟಕ್ಕೆ ಯೋಗ್ಯವಾದ ಗಿಡವೆಂಬ ತಮ್ಮ ಬಿರುದನ್ನಿತ್ತರು. ೧೯೯೭ರಲ್ಲಿ ಜಗತ್ತಿನ ಗುಲಾಬಿ ಸಂಘಗಳ ಒಕ್ಕೂಟವು ಲೋಕಪ್ರಿಯ ಗುಲಾಬಿಗಳ ಕೀರ್ತಿಪಟ್ಟಿಗೆ ಇದನ್ನು ಸೇರಿಸಿತು.

ಈ ಸನ್ಮಾನಗಳಿಗಿಂತಲೂ ನಮಗೆ ಹಿರಿದಾಗಿ ತೋರುವುದು ಬೇರೊಂದು. ಮನೆಬಾಗಿಲಿಗೊಂದು ಗುಲಾಬಿ ಬೇಕೆಂದು ವೈದ್ಯನೊಬ್ಬನು ಬಯಸಿದನು; ಆತನು ಬದುಕಿರುವಾಗ ಆ ಬಯಕೆ ಅರ್ಧವೇ ಕೈಗೂಡಿತು. ಉಳಿದರ್ಧವನ್ನು ಪ್ರಕೃತಿಯು ಒಂದು ಕಣ್ಣಿನಲ್ಲಿ ಬಚ್ಚಿಟ್ಟು ಕೊಟ್ಟಿತು. ಆ ಗುಟ್ಟನ್ನು ಹೊರಗೆ ತಂದುದು ಮನುಷ್ಯನ ಕಣ್ಣು. ವಾಚಕರ ಮನೆಯಂಗಳದಲ್ಲಿ ದಾಸವಾಳವಿರಲಿ, ಕಣಗಿಲೆಯಿರಲಿ, ಕಾಗದದ ಹೂವೇ ಇರಲಿ, ಹೂವಿನ ಕಾಲದಲ್ಲಿ ಮಾತ್ರವಲ್ಲದೆ ಹೂವಿಲ್ಲದ ಕಾಲದಲ್ಲಿಯೂ ದಿನಕ್ಕೊಮ್ಮೆ ಅದರ ಬಳಿಗೆ ಹೋಗಿ ನಿಲ್ಲಲಿ, ಮಕ್ಕಳನ್ನೂ ಕರೆದೊಯ್ಯಲಿ. ಯಾವುದಾದರೂ ಕೊಂಬೆಯು ಉಳಿದವುಗಳಿಗಿಂತ ಬೇರೆಯಾಗಿ ಕಂಡರೆ ಅದನ್ನು ಕತ್ತರಿಸುವ ಮೊದಲು ಒಂದು ದಾರವನ್ನು ಕಟ್ಟಿ ಗುರುತಿಡಲಿ. ಒಳ್ಳೆಯದೇನಾದರೂ ದೊರೆತರೆ ಅದರ ಒಂದು ಕಡ್ಡಿಯನ್ನು ನೆರೆಮನೆಗೂ ಕೊಡುವುದನ್ನು ಮರೆಯದಿರಲಿ.